ಓಕರಿಸುತ್ತೆ, ಆದರೆ ಏನೂ ಬರುತ್ತಿಲ್ಲ: ವಿದ್ಯಾರಣ್ಯಪುರದ ಒಂದು ಶೆಫರ್ಡ್ ನಾಯಿಯ ಪ್ರಕರಣ

ಸೀಸರ್ 8 ವರ್ಷದ ಗಂಡು ಜರ್ಮನ್ ಶೆಫರ್ಡ್. ತೂಕ 36 ಕೆ.ಜಿ. ಆಳವಾದ ಎದೆಗೂಡು, ತೆಳು ಸೊಂಟ. ವಿದ್ಯಾರಣ್ಯಪುರದ ಒಂದು ಮನೆಯಲ್ಲಿ ಮರಿಯಿದ್ದಾಗಿನಿಂದ ಬೆಳೆದವನು. ಲಸಿಕೆ, ಜಂತುಹುಳದ ಔಷಧಿ ಎಲ್ಲ ಸರಿಯಾದ ಹೊತ್ತಿಗೆ ಆಗಿತ್ತು. ಹಿಂದೊಮ್ಮೆ ಟಿಕ್ ಫೀವರ್ ಬಂದು ವಾಸಿಯಾಗಿದ್ದು ಬಿಟ್ಟರೆ ದೊಡ್ಡ ಕಾಯಿಲೆ ಏನೂ ಇರಲಿಲ್ಲ. ದಿನಕ್ಕೆ ಒಂದೇ ಊಟ, ಅದೂ ರಾತ್ರಿ. ಅನ್ನ, ಕೋಳಿ, ಮೇಲೆ ಸ್ವಲ್ಪ ಮೊಸರು. ಬಟ್ಟಲು ಇಟ್ಟರೆ ಎರಡು ನಿಮಿಷದಲ್ಲಿ ಖಾಲಿ.

ಒಂದು ಭಾನುವಾರ ರಾತ್ರಿ ಈ ನಾಯಿಯ ಜಠರ ಗಾಳಿ ತುಂಬಿ, ತನ್ನ ಮೇಲೆ ತಾನೇ ತಿರುಚಿಕೊಂಡಿತು. ವೈದ್ಯರು ಇದನ್ನು ಜಿಡಿವಿ ಅನ್ನುತ್ತಾರೆ. ನಾಯಿ ಸಾಕಿದವರ ನಡುವೆ ‘ಬ್ಲೋಟ್’ ಅಂತಲೇ ಮಾತು. ಆಪರೇಷನ್ ಆಗದಿದ್ದರೆ ನಾಯಿ ಉಳಿಯುವುದಿಲ್ಲ ಅಂತಲೇ ಲೆಕ್ಕ. ಆ ರಾತ್ರಿ ಡ್ಯೂಟಿಯಲ್ಲಿದ್ದ ಪಶುವೈದ್ಯೆ ನಾನು. ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಅವರ ಹೆಸರು, ಆಸ್ಪತ್ರೆಯ ಹೆಸರು ಬಿಟ್ಟಿದ್ದೇನೆ. ನಾಯಿಗಳ ಹೆಸರನ್ನೂ ಬದಲಿಸಿದ್ದೇನೆ.

ಈ ಕಾಯಿಲೆಯಲ್ಲಿ ಹೊತ್ತು ಕಳೆದುಹೋಗುವುದು ಹೆಚ್ಚಾಗಿ ರಸ್ತೆಯಲ್ಲಲ್ಲ, ಮನೆಯ ಹಾಲ್‌ನಲ್ಲಿ. ‘ಬರೀ ಗ್ಯಾಸ್ ಇರಬೇಕು, ಬೆಳಗ್ಗೆವರೆಗೂ ನೋಡೋಣ’ ಅನ್ನುವ ಮಾತಿನಲ್ಲಿ. ಸೀಸರ್‌ನ ಮನೆಯಲ್ಲೂ ಆ ಮಾತು ಬಂತು. ಅದನ್ನು ಒಬ್ಬಳು ಹುಡುಗಿ ತಡೆದಳು. ಅವಳು ಏನನ್ನು ನೋಡಿ ತಡೆದಳು ಅನ್ನುವುದನ್ನೇ ನಿಮಗೆ ಹೇಳಬೇಕಾಗಿದೆ.

ಆ ಸಂಜೆ ಮನೆಗೆ ನೆಂಟರು ಬಂದಿದ್ದರು, ಜೊತೆಗೆ ಅವರ ನಾಯಿಯೂ ಬಂದಿತ್ತು. ಸೀಸರ್‌ಗೆ ಬೇರೆ ನಾಯಿ ಅಂದರೆ ಅಷ್ಟಕ್ಕಷ್ಟೆ. ಸಂಜೆಯೆಲ್ಲ ಏದುಸಿರು ಬಿಡುತ್ತಾ ಗೇಟಿಗೂ ಬಾಗಿಲಿಗೂ ಓಡಾಡಿದ್ದಾನೆ. 8 ಗಂಟೆ ಹೊತ್ತಿಗೆ ಊಟ ಹಾಕಿದರು. ಪಕ್ಕದಲ್ಲಿ ಇನ್ನೊಂದು ನಾಯಿ ಇದ್ದದ್ದರಿಂದ ಎಂದಿಗಿಂತ ಜಾಸ್ತಿ ಗಬಗಬ ತಿಂದಿದ್ದಾನೆ. ಎಂದಿಗಿಂತ ಜಾಸ್ತಿಯೇ ಹಾಕಿದ್ದರು ಕೂಡ. ಮೇಲೆ ಒಂದು ಬಟ್ಟಲು ನೀರು. ಆಮೇಲೆ ಟೆರೇಸ್ ಮೇಲೆ ಮಕ್ಕಳ ಜೊತೆ ಆಟ.

10 ಗಂಟೆಗೆ ನೆಂಟರು ಹೊರಟರು. ಸೀಸರ್ ಬಾಗಿಲ ತನಕ ಬರಲಿಲ್ಲ. ಯಾರಾದರೂ ಹೊರಟರೆ ಗೇಟಿನವರೆಗೆ ಹೋಗುವ ನಾಯಿ ಅದು. ಮಲಗುತ್ತಿದ್ದ, ಎರಡು ನಿಮಿಷಕ್ಕೆ ಏಳುತ್ತಿದ್ದ, ಜಾಗ ಬದಲಿಸುತ್ತಿದ್ದ. ತಲೆ ತಿರುಗಿಸಿ ತನ್ನ ಪಕ್ಕೆಯನ್ನೇ ನೋಡಿಕೊಳ್ಳುತ್ತಿದ್ದ. 10:20ಕ್ಕೆ ಓಕರಿಸಲು ಶುರು ಮಾಡಿದ. ಬೆನ್ನು ಬಾಗಿಸಿ, ಕತ್ತು ಮುಂದೆ ಚಾಚಿ, ಹೊಟ್ಟೆಯಿಂದ ಜೋರಾಗಿ ಒತ್ತುತ್ತಾನೆ. ಬಾಯಿಂದ ಬಂದದ್ದು ಅಂಟಂಟಾದ ಬಿಳಿ ಜೊಲ್ಲು ಮಾತ್ರ. ಊಟದ ಒಂದು ಅಗುಳೂ ಇಲ್ಲ, ನೀರೂ ಇಲ್ಲ. ಮತ್ತೆ ಓಕರಿಕೆ, ಮತ್ತೆ ಜೊಲ್ಲು.

ಮನೆಯ ಯಜಮಾನರು ಹೊಟ್ಟೆ ಮುಟ್ಟಿ ನೋಡಿದರು. ಅಷ್ಟೇನೂ ಉಬ್ಬಿಲ್ಲ ಅನ್ನಿಸಿತು. ಅಜ್ಜಿ ಓಮದ ನೀರು ಕುದಿಸಲು ಇಟ್ಟರು. ಯಾರೋ ಈನೋ ಕೊಡೋಣ ಅಂದರು. ಮಾಮೂಲಿ ಹೋಗುವ ಕ್ಲಿನಿಕ್‌ಗೆ ಫೋನ್ ಮಾಡಿದರೆ, ಭಾನುವಾರ ರಾತ್ರಿ, ಎತ್ತಲಿಲ್ಲ. ಸರಿ, ಬೆಳಗ್ಗೆ ಕರೆದುಕೊಂಡು ಹೋಗೋಣ ಅಂತ ತೀರ್ಮಾನವಾಗುತ್ತಿತ್ತು.

ಅಷ್ಟರಲ್ಲಿ ಕಾಲೇಜು ಓದುವ ಮಗಳು ಸೀಸರ್‌ನ ಮೇಲ್ತುಟಿ ಎತ್ತಿ ಒಸಡು ನೋಡಿದಳು. ಟಿಕ್ ಫೀವರ್ ಬಂದಾಗ ಡಾಕ್ಟರ್ ಹಾಗೆ ನೋಡಿದ್ದು ಅವಳಿಗೆ ನೆನಪಿತ್ತು. ಗುಲಾಬಿ ಬಣ್ಣ ಇರಬೇಕಾದ ಕಡೆ ಬಿಳಿಚಿಕೊಂಡಿತ್ತು. ಬೆರಳಿನಿಂದ ಒತ್ತಿ ಬಿಟ್ಟಳು. ಬಣ್ಣ ಮರಳಲು ತುಂಬಾ ಹೊತ್ತು ಹಿಡಿಯಿತು. 10:50ಕ್ಕೆ ನಮ್ಮ ಆಸ್ಪತ್ರೆಗೆ ಫೋನ್ ಬಂತು.

ನಾನು ಕೇಳಿದ್ದು ಸ್ವಲ್ಪವೇ. ಯಾವ ಜಾತಿ, ಎಷ್ಟು ವಯಸ್ಸು? ಓಕರಿಸಿದಾಗ ಏನಾದರೂ ಆಚೆ ಬಂತಾ? ಒಸಡು ಯಾವ ಬಣ್ಣ ಇದೆ? ಮೂರಕ್ಕೂ ಉತ್ತರ ಕೇಳಿದ ಮೇಲೆ ಹೇಳಿದ್ದು ಒಂದೇ: ಈಗಲೇ ಹೊರಡಿ. ಓಮದ ನೀರು ಬೇಡ, ಈನೋ ಬೇಡ, ಕುಡಿಯಲು ನೀರೂ ಬೇಡ. ನಡೆಸಬೇಡಿ, ಬೆಡ್‌ಶೀಟ್ ಮೇಲೆ ಮಲಗಿಸಿ ಇಬ್ಬರು ಎತ್ತಿಕೊಳ್ಳಿ. ಬಾಯಿಗೆ ಬಟ್ಟೆ ಕಟ್ಟಬೇಡಿ. ಅವನಿಗೆ ಹೇಗೆ ಅನುಕೂಲವೋ ಹಾಗೆ ಮಲಗಲಿ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ‘ಹೊಟ್ಟೆ ಉಬ್ಬುವ ಕಾಯಿಲೆ’ ಅಂದ ತಕ್ಷಣ ಎಲ್ಲರೂ ಹೊಟ್ಟೆಯ ಗಾತ್ರ ನೋಡುತ್ತಾರೆ. ಶೆಫರ್ಡ್, ಡಾಬರ್‌ಮನ್, ಗ್ರೇಟ್ ಡೇನ್, ಸೇಂಟ್ ಬರ್ನಾರ್ಡ್‌ನಂಥ ಆಳ ಎದೆಯ ನಾಯಿಗಳಲ್ಲಿ ಜಠರದ ಹೆಚ್ಚಿನ ಭಾಗ ಪಕ್ಕೆಲುಬಿನ ಒಳಗೇ ಇರುತ್ತದೆ. ಅದು ಚೆನ್ನಾಗಿ ಉಬ್ಬಿದ್ದರೂ ಹೊರಗೆ ಕಾಣಿಸಲು ತಡವಾಗುತ್ತದೆ. ಉದ್ದ ಕೂದಲಿದ್ದರೆ ಇನ್ನೂ ಕಷ್ಟ. ಹಾಗಾಗಿ ಗಾತ್ರಕ್ಕಿಂತ ಮೊದಲು ನಂಬಬೇಕಾದದ್ದು ಈ ಓಕರಿಕೆಯನ್ನು. ಜಠರ ತಿರುಚಿದಾಗ ಅನ್ನನಾಳದ ಬಾಯಿ ಮುಚ್ಚಿಹೋಗುತ್ತದೆ. ಒಳಗಿನದು ಆಚೆ ಬರಲು ದಾರಿಯೇ ಇಲ್ಲ. ನುಂಗಿದ ಜೊಲ್ಲೂ ಒಳಗೆ ಹೋಗುವುದಿಲ್ಲ, ಅದೇ ನೊರೆಯಾಗಿ ಹೊರಬರುತ್ತದೆ. ದೊಡ್ಡ ನಾಯಿ ಮತ್ತೆ ಮತ್ತೆ ಓಕರಿಸುತ್ತಿದೆ, ಏನೂ ಬರುತ್ತಿಲ್ಲ, ನಿಂತಲ್ಲಿ ನಿಲ್ಲುತ್ತಿಲ್ಲ: ಇಷ್ಟು ಕಂಡರೆ ಸಾಕು. ಒಸಡು ಬಿಳಿಚುವವರೆಗೆ ಕಾಯಬೇಕಾಗಿಲ್ಲ. ಒಸಡು ಬಿಳಿಚಿದೆ ಅಂದರೆ ನಾಯಿ ಆಗಲೇ ಶಾಕ್‌ಗೆ, ಅಂದರೆ ಮೈಗೆ ರಕ್ತ ಸಾಲದ ಸ್ಥಿತಿಗೆ, ಹೋಗುತ್ತಿದೆ ಅಂತ ಅರ್ಥ.

ಮನೆಮದ್ದಿನ ಬಗ್ಗೆ ನನಗೆ ಅಗೌರವ ಇಲ್ಲ. ಆದರೆ ಇಲ್ಲಿ ಅದು ಹೊತ್ತು ತಿನ್ನುತ್ತದೆ. ಕೆಲವೊಮ್ಮೆ ನೇರ ಕೇಡನ್ನೂ ಮಾಡುತ್ತದೆ. ಸೋಡಾ ಇರುವ ಈನೋ ಹೊಟ್ಟೆಯಲ್ಲಿ ಇನ್ನಷ್ಟು ಗಾಳಿ ಹುಟ್ಟಿಸುತ್ತದೆ. ಬಾಯಿಗೆ ಸುರಿದ ನೀರು ಕೆಳಗಿಳಿಯಲಾರದೆ ಶ್ವಾಸಕೋಶಕ್ಕೆ ಹೋಗಬಹುದು. ನೋವಿಗೆ ಅಂತ ಮನುಷ್ಯರ ಐಬುಪ್ರೊಫೆನ್, ಪ್ಯಾರಸಿಟಮಾಲ್ ಕೊಡುವವರಿದ್ದಾರೆ. ಇವು ನಾಯಿಗೆ ಯಾವ ಕಾಯಿಲೆಯಲ್ಲೂ ನಿಮ್ಮಷ್ಟಕ್ಕೆ ನೀವೇ ಕೊಡಬಾರದ ಮಾತ್ರೆಗಳು.

ಕೊಡಿಗೇಹಳ್ಳಿ ದಾಟಿ, ಹೆಬ್ಬಾಳ ಫ್ಲೈಓವರ್ ಹತ್ತಿ, ಔಟರ್ ರಿಂಗ್ ರೋಡ್ ಹಿಡಿದು ಅವರು ಬಂದರು. ಸಂಜೆ 7 ಗಂಟೆಯಾಗಿದ್ದರೆ ಆ ಹೆಬ್ಬಾಳದಲ್ಲಿ ಎಷ್ಟು ಹೊತ್ತು ನಿಲ್ಲಬೇಕಿತ್ತು ಅಂತ ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ ಅಲ್ವಾ. ರಾತ್ರಿಯ ಖಾಲಿ ರಸ್ತೆ ಆವತ್ತು ನೆರವಾಯಿತು. 11:30ಕ್ಕೆ ಸೀಸರ್ ಟೇಬಲ್ ಮೇಲಿದ್ದ. ಫೋನ್ ಮೊದಲೇ ಬಂದಿದ್ದರಿಂದ ಸರ್ಜನ್ ಹೊರಟಿದ್ದರು. ಎಕ್ಸ್‌ರೇ ಮೆಷಿನ್ ಆನ್ ಆಗಿತ್ತು. ಡ್ರಿಪ್ ಬಾಟಲಿಗಳು ಬೆಚ್ಚಗಾಗಿದ್ದವು.

ತಪಾಸಣೆಯಲ್ಲಿ ಕಂಡದ್ದು ಇದು. ಎದೆಬಡಿತ ನಿಮಿಷಕ್ಕೆ 180. ವಿಶ್ರಾಂತಿಯಲ್ಲಿರುವ ಇಷ್ಟು ದೊಡ್ಡ ನಾಯಿಗೆ 60ರಿಂದ 100 ಇರಬೇಕು. ತೊಡೆಯ ನಾಡಿ ಬೆರಳಿಗೆ ಸಿಕ್ಕಿಯೂ ಸಿಗದಷ್ಟು ಕ್ಷೀಣ. ಒಸಡು ಒತ್ತಿ ಬಿಟ್ಟರೆ ಬಣ್ಣ ಮರಳಲು 3 ಸೆಕೆಂಡಿಗಿಂತ ಜಾಸ್ತಿ. ಆರೋಗ್ಯವಾಗಿದ್ದರೆ 2 ಸೆಕೆಂಡಿನೊಳಗೆ ಮರಳುತ್ತದೆ. ಕಾಲುಗಳು ತಣ್ಣಗಾಗಿದ್ದವು. ಕೊನೆಯ ಪಕ್ಕೆಲುಬಿನ ಹಿಂದೆ ಬೆರಳಿನಿಂದ ತಟ್ಟಿ, ಸ್ಟೆತಸ್ಕೋಪ್ ಇಟ್ಟು ಕೇಳಿದರೆ ತಮಟೆ ಕಾಯಿಸಿ ಬಾರಿಸಿದ ಹಾಗೆ ಟಣ್ ಅನ್ನುವ ಸದ್ದು.

ಒಳಗೆ ಆಗುತ್ತಿರುವುದೇನು? ಉಬ್ಬಿದ ಜಠರ ಹೊಟ್ಟೆಯೊಳಗಿನ ದೊಡ್ಡ ರಕ್ತನಾಳವನ್ನು ಅದುಮಿ ಹಿಡಿಯುತ್ತದೆ. ಹಿಂಗಾಲು ಮತ್ತು ಹೊಟ್ಟೆಯ ರಕ್ತ ಹೃದಯಕ್ಕೆ ವಾಪಸ್ ಬರುವುದಿಲ್ಲ. ಹೃದಯ ಬರಿದಾಗಿ ಬಡಿದುಕೊಳ್ಳುತ್ತದೆ. ಜಠರದ ಗೋಡೆಗೆ ರಕ್ತ ಸಿಗದೆ ಅದು ಸಾಯಲು ಶುರುವಾಗುತ್ತದೆ. ಜಠರಕ್ಕೆ ಅಂಟಿಕೊಂಡಿರುವ ಗುಲ್ಮವೂ (ಸ್ಪ್ಲೀನ್) ಜೊತೆಗೇ ತಿರುಗುತ್ತದೆ. ಕಾಯಿಲೆ ಹೊಟ್ಟೆಯದು, ಆದರೆ ನಾಯಿ ಸಾಯುವುದು ರಕ್ತ ಓಡಾಡದೆ. ಅದಕ್ಕೇ ಡ್ರಿಪ್ಪನ್ನು ಮುಂಗಾಲುಗಳಿಗೇ ಹಾಕುತ್ತೇವೆ. ಹಿಂಗಾಲಿಗೆ ಹಾಕಿದರೆ ಆ ನೀರು ಹೃದಯಕ್ಕೆ ಸರಿಯಾಗಿ ತಲುಪುವುದಿಲ್ಲ.

ಎರಡೂ ಮುಂಗಾಲಿಗೆ ದಪ್ಪ ಸೂಜಿ ಹಾಕಿ ಜೋರಾಗಿ ಡ್ರಿಪ್ ಬಿಟ್ಟೆವು. ಆಮ್ಲಜನಕ ಕೊಟ್ಟೆವು, ನೋವಿಗೆ ಫೆಂಟನಿಲ್ ಕೊಟ್ಟೆವು. ಪಕ್ಕೆಯ ಕೂದಲು ಬೋಳಿಸಿ, ಸದ್ದು ಅತಿ ಜೋರಾಗಿದ್ದ ಜಾಗದಲ್ಲಿ ದಪ್ಪ ಸೂಜಿ ಇಳಿಸಿದೆವು. ಹುಳಿ ವಾಸನೆಯ ಗಾಳಿ ಬುಸ್ ಅಂತ ಹೊರಬಂತು. ಕೋಣೆಯೆಲ್ಲ ಆ ವಾಸನೆ. ಕೆಲವೇ ನಿಮಿಷದಲ್ಲಿ ಎದೆಬಡಿತ 150ಕ್ಕೆ ಇಳಿಯಿತು. ಸೀಸರ್ ತಲೆ ಎತ್ತಿ ಹುಡುಗಿಯನ್ನು ನೋಡಿದ. (ಇದನ್ನು ಓದಿ ಯಾರೂ ಮನೆಯಲ್ಲಿ ಸೂಜಿ ಚುಚ್ಚಲು ಹೋಗಬಾರದು. ಒಂದೆರಡು ಇಂಚು ಆಚೀಚೆ ಆದರೆ ಚುಚ್ಚುವುದು ಗುಲ್ಮಕ್ಕೆ.)

ಬಲಗಡೆ ಮಲಗಿಸಿ ಎಕ್ಸ್‌ರೇ ತೆಗೆದೆವು. ಒಂದೇ ಗಾಳಿಚೀಲ ಕಾಣಬೇಕಾದ ಕಡೆ ಎರಡು ಕಪ್ಪು ಗುಳ್ಳೆಗಳು, ನಡುವೆ ಒಂದು ಬಿಳಿ ಪಟ್ಟಿ. ಆ ಪಟ್ಟಿಯೇ ತಿರುಚಿದ ಗುರುತು. ಬರೀ ಉಬ್ಬರಕ್ಕೂ ತಿರುಚಿದ ಉಬ್ಬರಕ್ಕೂ ಇರುವ ವ್ಯತ್ಯಾಸ ಹೊರಗಿನಿಂದ ಖಚಿತವಾಗಿ ಗೊತ್ತಾಗುವುದಿಲ್ಲ, ಈ ಚಿತ್ರದಲ್ಲಿ ಗೊತ್ತಾಗುತ್ತದೆ.

ಆಗ ಯಜಮಾನರು ಕೇಳಿದ ಪ್ರಶ್ನೆ ಸಹಜವಾದದ್ದು. ಗಾಳಿ ಹೋಯಿತಲ್ಲ, ನಾಯಿ ಗೆಲುವಾಗಿದೆಯಲ್ಲ, ಇನ್ನು ಆಪರೇಷನ್ ಯಾಕೆ? ಮಧ್ಯರಾತ್ರಿ, ಹತ್ತಾರು ಸಾವಿರ ರೂಪಾಯಿ ಖರ್ಚು, 8 ವರ್ಷದ ನಾಯಿ. ಈ ಪ್ರಶ್ನೆಯ ಹತ್ತಿರ ಬಂದು ನಾಯಿಯನ್ನು ಮನೆಗೆ ಕರೆದುಕೊಂಡು ಹೋದವರನ್ನು ನಾನು ನೋಡಿದ್ದೇನೆ. ಅವರ ಮೇಲೆ ಸಿಟ್ಟು ಬರುವುದಿಲ್ಲ, ಸಂಕಟ ಆಗುತ್ತದೆ. ಸೂಜಿ ಗಾಳಿಯನ್ನು ಬಿಟ್ಟಿತೇ ಹೊರತು ತಿರುಚನ್ನು ಬಿಡಿಸಲಿಲ್ಲ. ದಾರಿ ಮುಚ್ಚಿಯೇ ಇದೆ, ಗಾಳಿ ಮತ್ತೆ ತುಂಬುತ್ತದೆ. ಅಷ್ಟರಲ್ಲಿ ಜಠರದ ಗೋಡೆ ಇನ್ನಷ್ಟು ಕಪ್ಪಾಗಿರುತ್ತದೆ. ಗೆಲುವಾಗಿ ಕಾಣುವ ಆ ಹೊತ್ತು ಆಪರೇಷನ್‌ಗೆ ಸಿಕ್ಕ ಅವಕಾಶ. ಅದನ್ನೇ ಅವರಿಗೆ ಎಕ್ಸ್‌ರೇ ತೋರಿಸಿ ಹೇಳಿದೆ. ಸರಿಯಾದ ಹೊತ್ತಿಗೆ ಆಪರೇಷನ್ ಆದ ನಾಯಿಗಳಲ್ಲಿ ಹೆಚ್ಚಿನವು ಬದುಕುತ್ತವೆ, ಆದರೂ ಕೆಲವು ಉಳಿಯುವುದಿಲ್ಲ ಅಂತಲೂ ಹೇಳಿದೆ. ರಕ್ತದಲ್ಲಿನ ಲ್ಯಾಕ್ಟೇಟ್ (ಅಂಗಗಳಿಗೆ ರಕ್ತ ಸಾಲದಾದಾಗ ಏರುವ ಅಂಶ) ಬಂದಾಗ 5.8 ಇದ್ದದ್ದು ಡ್ರಿಪ್ ಆದ ಮೇಲೆ 3.4ಕ್ಕೆ ಇಳಿದಿತ್ತು. ಹೀಗೆ ಇಳಿಯುವುದು ಒಳ್ಳೆಯ ಸೂಚನೆ. ತಂದೆ ಮಗಳ ಮುಖ ನೋಡಿದರು, ಸಹಿ ಹಾಕಿದರು.

12:40ಕ್ಕೆ ಹೊಟ್ಟೆ ತೆರೆದೆವು. ಮೊದಲು ಕಣ್ಣಿಗೆ ಬಿದ್ದದ್ದು ಜಠರದ ಮೇಲೆ ಹೊದಿಸಿದಂತಿದ್ದ ಕೊಬ್ಬಿನ ಪರದೆ. ಸರಿಯಾಗಿರುವ ಹೊಟ್ಟೆಯಲ್ಲಿ ಅದು ಅಲ್ಲಿರುವುದಿಲ್ಲ. ಅದನ್ನು ಕಂಡರೆ ಜಠರ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿದೆ ಅಂತ ಗೊತ್ತಾಗುತ್ತದೆ. ಸಾಮಾನ್ಯವಾಗಿ ಇದು 180ರಿಂದ 270 ಡಿಗ್ರಿವರೆಗೆ ತಿರುಗುತ್ತದೆ. ಸೀಸರ್‌ನದು ಹತ್ತಿರ ಹತ್ತಿರ 180. ಸರ್ಜನ್ ಒಂದು ಕೈಯಲ್ಲಿ ಉಬ್ಬಿದ ಭಾಗವನ್ನು ಕೆಳಕ್ಕೆ ಒತ್ತಿ, ಇನ್ನೊಂದು ಕೈಯಲ್ಲಿ ಜಠರದ ಕೊನೆಯನ್ನು ಎಡದಿಂದ ಬಲಕ್ಕೆ ಎಳೆದು ತಂದರು. ನಾನು ಬಾಯಿಂದ ಟ್ಯೂಬ್ ಇಳಿಸಿದೆ. ಇಷ್ಟು ಹೊತ್ತು ಇಳಿಯದ ದಾರಿಯಲ್ಲಿ ಈಗ ಸಲೀಸಾಗಿ ಇಳಿಯಿತು. ಅನ್ನ, ಕೋಳಿ ತುಂಡು ತಿಂದ ಹಾಗೇ ಹೊರಬಂದವು.

ಜಠರದ ದೊಡ್ಡ ಬಾಗಿನ ಉದ್ದಕ್ಕೂ ನೇರಳೆ ಮಿಶ್ರಿತ ಕಪ್ಪು ಬಣ್ಣವಿತ್ತು. ಕತ್ತರಿಸಿ ತೆಗೆಯಬೇಕೋ ಬೇಡವೋ ಅಂತ ಆಗಲೇ ಹೇಳಲಾಗುವುದಿಲ್ಲ. ಬೆಚ್ಚಗಿನ ಸಲೈನ್‌ನಲ್ಲಿ ಅದ್ದಿದ ಬಟ್ಟೆ ಹೊದಿಸಿ ಕಾದೆವು. ಸರ್ಜನ್ ಆಗಾಗ ಬಟ್ಟೆ ಸರಿಸಿ ಬೆರಳಿನಿಂದ ಗೋಡೆಯ ದಪ್ಪ ನೋಡುತ್ತಿದ್ದರು. ಸತ್ತ ಗೋಡೆ ಕಾಗದದಷ್ಟು ತೆಳುವಾಗುತ್ತದೆ. ಹತ್ತು ನಿಮಿಷದಲ್ಲಿ ಅಂಚಿನಿಂದ ಕೆಂಪು ಹಬ್ಬಲು ಶುರುವಾಯಿತು. ಎಲ್ಲೂ ಕತ್ತರಿಸಬೇಕಾಗಲಿಲ್ಲ. ಗುಲ್ಮ ಊದಿಕೊಂಡು ಎರಡರಷ್ಟಾಗಿತ್ತು. ಅದರ ಬಣ್ಣವೂ ಮರಳಿತು, ಉಳಿಸಿಕೊಂಡೆವು. ಇನ್ನೆರಡು ಗಂಟೆ ತಡವಾಗಿದ್ದರೆ ಈ ಪ್ಯಾರಾವನ್ನು ಬೇರೆ ರೀತಿ ಬರೆಯಬೇಕಾಗುತ್ತಿತ್ತು ಅಂತ ನನಗೆ ಅನ್ನಿಸುತ್ತದೆ.

ಕೊನೆಯ ಕೆಲಸ ಜಠರವನ್ನು ಹೊಟ್ಟೆಯ ಬಲಗಡೆ ಗೋಡೆಗೆ ಹೊಲಿದು ಕೂರಿಸುವುದು. ಇದಕ್ಕೆ ಗ್ಯಾಸ್ಟ್ರೋಪೆಕ್ಸಿ ಅನ್ನುತ್ತಾರೆ. ಎರಡೂ ಕಡೆ ನಾಲ್ಕೈದು ಸೆಂಟಿಮೀಟರ್ ಗೀರಿ, ಅಂಚಿಗೆ ಅಂಚು ಸೇರಿಸಿ ಹೊಲಿಯುತ್ತಾರೆ. ಗಾಯ ಮಾಯುವಾಗ ಎರಡೂ ಬೆಸೆದುಕೊಳ್ಳುತ್ತವೆ. ಇದನ್ನು ಮಾಡದೆ ಬರೀ ತಿರುಚು ಬಿಡಿಸಿ ಮುಚ್ಚಿದರೆ ಅರ್ಧಕ್ಕಿಂತ ಹೆಚ್ಚು ನಾಯಿಗಳಲ್ಲಿ ಮತ್ತೆ ತಿರುಚುತ್ತದೆ. ಮಾಡಿದರೆ ಅದು ತೀರಾ ಅಪರೂಪ. ಆದರೆ ಗ್ಯಾಸ್ಟ್ರೋಪೆಕ್ಸಿ ಆದ ನಾಯಿಗೂ ಹೊಟ್ಟೆ ಉಬ್ಬಬಹುದು. ತಡೆಯುವುದು ತಿರುಚನ್ನು, ಗಾಳಿಯನ್ನಲ್ಲ.

ಆಪರೇಷನ್ ಚೆನ್ನಾಗಿ ಆಯಿತು ಅಂದ ಮೇಲೂ ಮೂರು ದಿನ ನಾವು ನಿಶ್ಚಿಂತೆಯಿಂದ ಇರುವುದಿಲ್ಲ. ರಕ್ತ ಸಿಗದೆ ಇದ್ದ ಭಾಗಕ್ಕೆ ರಕ್ತ ಮರಳಿದಾಗ ಅಲ್ಲಿ ಸೇರಿಕೊಂಡಿದ್ದ ವಿಷವೂ ಮೈಗೆಲ್ಲ ಹರಡುತ್ತದೆ. ಹೃದಯದ ಲಯ ತಪ್ಪುವುದು ಸಾಮಾನ್ಯ. ಸೀಸರ್‌ಗೂ ಎರಡನೇ ದಿನ ಮಧ್ಯಾಹ್ನ ಇಸಿಜಿಯಲ್ಲಿ ಅಡ್ಡಾದಿಡ್ಡಿ ಬಡಿತ ಶುರುವಾಯಿತು. ಲಯ ಸರಿಪಡಿಸಲು ಲಿಡೋಕೇನ್ ಡ್ರಿಪ್ ಹಾಕಿದೆವು. ಮೂರನೇ ದಿನ ಸಂಜೆಗೆ ಬಡಿತ ಸರಿಹೋಯಿತು. ‘ಆಪರೇಷನ್ ಆಯ್ತಲ್ಲ, ಮನೆಗೆ ಕಳಿಸಿ’ ಅಂತ ಆ ದಿನಗಳಲ್ಲಿ ಒತ್ತಾಯ ಮಾಡದೆ ಇದ್ದದ್ದಕ್ಕೆ ಆ ಮನೆಯವರಿಗೆ ನಾನು ಋಣಿ. ನಾಲ್ಕನೇ ದಿನ ಅವನು ತಾನಾಗಿ ನಡೆದು ಕಾರು ಹತ್ತಿದ. ಹೊಲಿಗೆ ಬಿಚ್ಚಿದ್ದು ಎರಡು ವಾರಕ್ಕೆ.

ಯಾಕೆ ಹೀಗಾಯಿತು ಅಂತ ಎಲ್ಲರೂ ಕೇಳುತ್ತಾರೆ. ಒಂದೇ ಕಾರಣ ಬೆಟ್ಟು ಮಾಡಿ ತೋರಿಸಲು ಆಗುವುದಿಲ್ಲ. ಸೀಸರ್‌ನಲ್ಲಿ ಹಲವು ಸೇರಿಕೊಂಡಿದ್ದವು: ಆಳ ಎದೆಯ ತಳಿ, ವಯಸ್ಸು, ದಿನಕ್ಕೆ ಒಂದೇ ದೊಡ್ಡ ಊಟ, ಗಬಗಬ ತಿನ್ನುವ ಅಭ್ಯಾಸ, ಆ ಸಂಜೆಯ ಗಾಬರಿ. ಊಟವಾದ ತಕ್ಷಣ ಆಡಿದ್ದೇ ಕಾರಣ ಅಂತ ಆ ಮಕ್ಕಳಿಗೆ ಯಾರೋ ಬೈದರಂತೆ. ಅದು ಅನ್ಯಾಯ. ಊಟದ ನಂತರ ಒಂದೆರಡು ಗಂಟೆ ಓಡಿಸಬೇಡಿ ಅಂತ ನಾವು ಹೇಳುತ್ತೇವೆ ನಿಜ, ಆದರೆ ಅದಕ್ಕಿರುವ ಪುರಾವೆ ಉಳಿದವುಗಳಷ್ಟು ಗಟ್ಟಿಯಿಲ್ಲ.

ಬಟ್ಟಲಿನ ಸ್ಟ್ಯಾಂಡ್ ಬಗ್ಗೆ ಒಂದು ಮಾತು. ದೊಡ್ಡ ನಾಯಿ ಬಗ್ಗಿ ತಿನ್ನಬಾರದು, ಎತ್ತರದಲ್ಲಿಟ್ಟರೆ ಗಾಳಿ ನುಂಗುವುದಿಲ್ಲ ಅಂತ ಅಂಗಡಿಗಳಲ್ಲಿ ಮಾರುತ್ತಾರೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಉಲ್ಟಾ: ಎತ್ತರದ ಬಟ್ಟಲಲ್ಲಿ ತಿನ್ನುವ ದೊಡ್ಡ ನಾಯಿಗಳಲ್ಲಿ ಅಪಾಯ ಹೆಚ್ಚಿತ್ತು. ಅದರ ಮೇಲೆ ಇನ್ನೂ ಚರ್ಚೆ ಇದೆ. ಕುತ್ತಿಗೆ, ಬೆನ್ನಿನ ತೊಂದರೆಗೆ ಅಂತ ವೈದ್ಯರೇ ಹೇಳದ ಹೊರತು ನಾನು ನೆಲದ ಮೇಲೇ ಇಡಿ ಅನ್ನುತ್ತೇನೆ. ಸೀಸರ್‌ಗೆ ಈಗ ದಿನಕ್ಕೆ ಮೂರು ಸಣ್ಣ ಊಟ, ಉಬ್ಬುತಗ್ಗಿರುವ ನಿಧಾನದ ಬಟ್ಟಲಿನಲ್ಲಿ. ಬೇರೆ ನಾಯಿ ಬಂದರೆ ಊಟ ಬೇರೆ ಕೋಣೆಯಲ್ಲಿ.

ಹೊಟ್ಟೆ ದೊಡ್ಡದಾದ ನಾಯಿಗೆಲ್ಲ ಇದೇ ಕಾಯಿಲೆ ಅಂತಲ್ಲ. ಬೀದಿಯ ಮರಿಗೆ ಹೊಟ್ಟೆ ಡೊಳ್ಳಾಗಿದ್ದರೆ ಹೆಚ್ಚಾಗಿ ಜಂತುಹುಳು. ವಾರಗಟ್ಟಲೆ ನಿಧಾನವಾಗಿ ದಪ್ಪಗಾಗುತ್ತಾ ಬೆನ್ನೆಲುಬು ಎದ್ದು ಕಾಣುತ್ತಿದ್ದರೆ ನೀರು ತುಂಬಿರಬಹುದು, ಹೃದಯ ಅಥವಾ ಲಿವರ್ ಕಡೆ ನೋಡಬೇಕು. ಸಂತಾನಹರಣ ಆಗದ ಹೆಣ್ಣುನಾಯಿ ಬೆದೆ ಮುಗಿದ ಒಂದೆರಡು ತಿಂಗಳಲ್ಲಿ ಮಂಕಾಗಿ, ನೀರು ಜಾಸ್ತಿ ಕುಡಿದು, ಹೊಟ್ಟೆ ಊದಿಕೊಂಡರೆ ಗರ್ಭಕೋಶದಲ್ಲಿ ಕೀವು ತುಂಬಿರುವ ಸಾಧ್ಯತೆ ದೊಡ್ಡದು. ಅದು ಕೂಡ ಅದೇ ದಿನ ತೋರಿಸಬೇಕಾದ್ದು. ವಯಸ್ಸಾದ ನಾಯಿ ಇದ್ದಕ್ಕಿದ್ದಂತೆ ಕುಸಿದು, ಒಸಡು ಬಿಳಿಚಿ, ಹೊಟ್ಟೆ ದೊಡ್ಡದಾದರೆ ಗುಲ್ಮದ ಗಡ್ಡೆ ಒಡೆದು ರಕ್ತ ಸೋರುತ್ತಿರಬಹುದು. ವಾರಗಳಲ್ಲಿ ಬೆಳೆದ ಹೊಟ್ಟೆಗೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಬಹುದು. ಗಂಟೆಗಳಲ್ಲಿ ಬೆಳೆದ ಹೊಟ್ಟೆಗೆ ಕಾರಿನ ಕೀ ತೆಗೆದುಕೊಳ್ಳಬೇಕು.

ಊರಿನ ವಿಷಯ ಬಂದರೆ, ಹೆಬ್ಬಾಳದಲ್ಲಿ 1958ರಿಂದ ಪಶುವೈದ್ಯಕೀಯ ಕಾಲೇಜು ಇದೆ, ಕ್ವೀನ್ಸ್ ರಸ್ತೆಯಲ್ಲಿ ಸರ್ಕಾರಿ ಪಶು ಆಸ್ಪತ್ರೆ ಇದೆ, ರಾತ್ರಿಯೂ ತೆರೆದಿರುವ ಖಾಸಗಿ ಆಸ್ಪತ್ರೆಗಳಿವೆ. ಆದರೆ ಬೋರ್ಡ್ ಮೇಲೆ 24 ಗಂಟೆ ಅಂತ ಇದ್ದ ಮಾತ್ರಕ್ಕೆ ರಾತ್ರಿ 12ಕ್ಕೆ ಸರ್ಜನ್ ಇರುತ್ತಾರೆ ಅಂತಲ್ಲ. ದೊಡ್ಡ ನಾಯಿ ಸಾಕಿದವರು ಒಂದು ಹಗಲಿನಲ್ಲಿ ಸುಮ್ನೆ ಫೋನ್ ಮಾಡಿ ಕೇಳಿಟ್ಟುಕೊಳ್ಳಿ: ರಾತ್ರಿ ಎಕ್ಸ್‌ರೇ ಆಗುತ್ತಾ, ಹೊಟ್ಟೆಯ ಆಪರೇಷನ್ ಮಾಡುವವರು ಸಿಗುತ್ತಾರಾ, ಆಪರೇಷನ್ ಆದ ಮೇಲೆ ರಾತ್ರಿಯಿಡೀ ನೋಡಿಕೊಳ್ಳುವವರು ಇರುತ್ತಾರಾ? ಹತ್ತಿರದ ಒಂದು, ದೂರದ ಒಂದು ನಂಬರ್ ಮನೆಯವರೆಲ್ಲರ ಮೊಬೈಲ್‌ನಲ್ಲಿ ಇರಲಿ. ಸೀಸರ್‌ನ ಮನೆಯಲ್ಲಿ ನಮ್ಮ ನಂಬರ್ ಇದ್ದದ್ದು ಆ ಹುಡುಗಿಯ ಫೋನಿನಲ್ಲಿ ಮಾತ್ರ.

ಇನ್ನೊಂದು ಬಾಕಿ ಇದೆ. ಈ ಕಾಯಿಲೆ ರಕ್ತಸಂಬಂಧದಲ್ಲಿ ಬರುತ್ತದೆ. ತಂದೆ, ತಾಯಿ, ಒಡಹುಟ್ಟಿದ ನಾಯಿಗೆ ಆಗಿದ್ದರೆ ಅಪಾಯ ಹೆಚ್ಚು. ಸೀಸರ್‌ನ ಜೊತೆ ಹುಟ್ಟಿದ ಟೈಗರ್ ಯಲಹಂಕದ ಒಂದು ಮನೆಯಲ್ಲಿದ್ದಾನೆ ಅಂತ ಡಿಸ್ಚಾರ್ಜ್ ದಿನ ಮಾತಿನ ನಡುವೆ ಗೊತ್ತಾಯಿತು. ಯಜಮಾನರೇ ಅವರಿಗೆ ಫೋನ್ ಮಾಡಿ ಎಲ್ಲ ಹೇಳಿದರು. ಟೈಗರ್‌ಗೆ ಕಾಯಿಲೆ ಬರುವ ಮುಂಚೆಯೇ ಜಠರ ಹೊಲಿದು ಕೂರಿಸಿದೆವು. ಹಗಲಲ್ಲಿ, ಖಾಲಿ ಹೊಟ್ಟೆಯಲ್ಲಿ, ಗಡಿಬಿಡಿಯಿಲ್ಲದೆ ಆದ ಆಪರೇಷನ್. ಮರುದಿನ ಮನೆಗೆ ಹೋದ. ಸೀಸರ್‌ನ ಒಂದು ಹೆಣ್ಣುಮರಿ ಮಲ್ಲೇಶ್ವರದಲ್ಲಿದೆ. ಅದಕ್ಕೆ ಸಂತಾನಹರಣ ಮಾಡುವಾಗ ಜೊತೆಯಲ್ಲೇ ಇದನ್ನೂ ಮಾಡುವುದು ಅಂತ ಮಾತಾಗಿದೆ.